ಬಲಗಡೆಯ ಮುಂದಿನ ಚಕ್ರ

೭ ಜೂನ್ ೨೦೨೫, ಶನಿವಾರ

ಟೈಲ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಐದು ತಿಂಗಳು ಅಂಗಡಿಯ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ಮನೆಗೆ ತಂದೆ. ನನ್ನ ಸಿಟ್ಟನ್ನು ಯಾರ ಹತ್ತಿರ ಹೇಳಿಕೊಂಡರೂ "ದೊಡ್ಡ ಕಾರು ಬೇಕು ಅಂದ್ರೆ ಇವೆಲ್ಲ ಇರ್ತವೆ ಕಣೋ ಪ್ರಸಾದು" ಎಂದು ನಗುತ್ತಾರೆ. ಡೈರಿ ನಗುವುದಿಲ್ಲ.

ಎರಡು ವರ್ಷದ ಹಿಂದೆ ಬೆಂಗಳೂರಿನ ಡಾಕ್ಟರೊಬ್ಬರಿಂದ ಕೊಂಡ ಜರ್ಮನ್ ಕಾರು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಟೈಲ್ಸ್ ಅಂಗಡಿಯ ಮುಂದೆ ನಿಲ್ಲಿಸಿದರೆ ಇವತ್ತಿಗೂ ಜನ ತಿರುಗಿ ನೋಡುತ್ತಾರೆ. ಒಳಗೆ ಕೂತು ಯಾರೂ ಏನೂ ತಿನ್ನಬಾರದು ಅನ್ನುವುದು ನನ್ನ ಕಾನೂನು. ಮಗಳು ಇಂಪನಾಗೆ ಒಂದು ಕಡಲೆಕಾಯಿ ಸುಲಿಯಲೂ ಬಿಟ್ಟಿಲ್ಲ. ಅಂಥ ಕಾರು ಅದು.

ಹೋದ ತಿಂಗಳು ಬೆಂಗಳೂರಿಗೆ ಒಯ್ದು ಕಂಪನಿಯವರದೇ ಸರ್ವೀಸ್ ಸೆಂಟರಿನಲ್ಲಿ ಬಿಟ್ಟಿದ್ದೆ. ಸೋಫಾ, ಎ.ಸಿ., ಕಾಫಿ, ಬಿಸ್ಕತ್ತು. ಕಾರು ಮಾತ್ರ ಗಾಜಿನ ಗೋಡೆಯ ಆಚೆ. ನೋಡುತ್ತೇನೆ ಅಂದಿದ್ದಕ್ಕೆ "ಕಸ್ಟಮರ್ಸ್ ಒಳಗೆ ಬರೋ ಹಾಗಿಲ್ಲ ಸರ್, ಸೇಫ್ಟಿ" ಅಂದರು. ಹನ್ನೊಂದು ಕೆಲಸದ ಪಟ್ಟಿ ಕೊಟ್ಟರು. ಬಿಲ್ಲನ್ನು ನಾನು ಹೆಂಡತಿ ಪಲ್ಲವಿಗೆ ತೋರಿಸಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಆ ಪಟ್ಟಿಯಲ್ಲಿ ಎ.ಸಿ. ಫಿಲ್ಟರ್ ಬದಲಾಯಿಸಿದ್ದೇವೆ ಎಂದಿತ್ತು. ಪಲ್ಲವಿ ಗುಬ್ಬಿಯ ಪಿಯು ಕಾಲೇಜಿನಲ್ಲಿ ಲೆಕ್ಚರರ್. ವಾರದಲ್ಲಿ ಎರಡು ದಿನ ನಾನೇ ಬಿಟ್ಟು ಬರುತ್ತೇನೆ. ಹತ್ತಿದ ಕೂಡಲೇ ಅವಳಿಗೆ ಸೀನು. ಇವತ್ತು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಡ್ಯಾಶ್‌ಬೋರ್ಡಿನ ಡಬ್ಬಿ ಬಿಚ್ಚಿ ಆ ಫಿಲ್ಟರ್ ಎಳೆದೆ. ಕಪ್ಪಗಿತ್ತು. ಒಳಗೆ ಒಣಗಿದ ಬೇವಿನೆಲೆ, ಪಾರಿವಾಳದ ಪುಕ್ಕ. ಫೋನ್ ಮಾಡಿದರೆ "ಚೆಕ್ ಮಾಡಿ ಹೇಳ್ತೀವಿ ಸರ್." ಸಂಜೆಯಾಯಿತು, ಯಾರೂ ಹೇಳಲಿಲ್ಲ.

ಇದೊಂದು ಸುಳ್ಳಾದರೆ ಮಿಕ್ಕ ಹತ್ತು? ನಿರ್ಧಾರ ಮಾಡಿಬಿಟ್ಟೆ. ಇನ್ನು ಮೇಲೆ ಈ ಕಾರಿನ ಸರ್ವೀಸು ನನ್ನ ಕೈಯಿಂದಲೇ.

ಪಲ್ಲವಿಯ ಅಪ್ಪ ಚನ್ನವೀರಯ್ಯನವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಕುಣಿಗಲ್‌ನಿಂದ ಬಂದು ಇಲ್ಲಿ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿದ್ದಾರೆ. ಒಂದು ಕಣ್ಣು ಆಗಿದೆ, ಇನ್ನೊಂದು ಬಾಕಿ. ಖಾಸಗಿ ಬಸ್ ಕಂಪನಿಯೊಂದರ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವರು. ನಾನು ಕಾರಿನೊಳಗೆ ತಲೆ ತೂರಿಸಿ ಒದ್ದಾಡುವಾಗ ಪೋರ್ಟಿಕೋದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಒಂದು ಮಾತಿಲ್ಲ. ನನ್ನ ಜೊತೆ ಅವರದು ನಾಲ್ಕು ವರ್ಷದಿಂದ ಹೀಗೇ. ಕಾರಣ ಬರೆಯುವ ಮನಸ್ಸಿಲ್ಲ.

೧೫ ಜೂನ್, ಭಾನುವಾರ

ಹೊಸ ಫಿಲ್ಟರ್ ಬಂತು. ಹತ್ತು ನಿಮಿಷದಲ್ಲಿ ಹಾಕಿದೆ. ಕೈ ತಟ್ಟಿಕೊಂಡು ಎದ್ದು ನಿಂತೆ.

"ಬಾಣ ಯಾವ ಕಡೆಗದೆ?" ಪೋರ್ಟಿಕೋದಿಂದ ಪಲ್ಲವಿಯ ಅಪ್ಪ ಕೇಳಿದರು.

"ಯಾವ ಬಾಣ?"

"ಫಿಲ್ಟ್ರು ಮೇಲೆ ಬಾಣ ಇರ್ತದೆ. ಗಾಳಿ ಹೋಗೋ ಕಡೆಗೆ ಇರ್ಬೇಕು."

ಮತ್ತೆ ಬಿಚ್ಚಿ ನೋಡಿದೆ. ಬಾಣ ಇತ್ತು. ನಾನು ಉಲ್ಟಾ ಹಾಕಿದ್ದೆ. ತಿರುಗಿಸಿ ಹಾಕಿ, ಅವರ ಕಡೆ ನೋಡದೆ ಸ್ನಾನಕ್ಕೆ ಹೋದೆ.

೨೨ ಜೂನ್, ಭಾನುವಾರ

ಇವತ್ತು ಇಂಜಿನ್ ಆಯಿಲ್. ಅಷ್ಟು ಸುಲಭ ಅಲ್ಲ. ಕಾರು ನೆಲಕ್ಕೆ ಅಂಟಿಕೊಂಡ ಹಾಗಿದೆ. ಮುಂದಿನ ಚಕ್ರ ಎರಡನ್ನೂ ಇಳಿಜಾರಿನ ಸ್ಟ್ಯಾಂಡಿನ ಮೇಲೆ ಹತ್ತಿಸಿದ ಮೇಲೆ ನಾನು ಕೆಳಗೆ ತೂರುವಷ್ಟು ಜಾಗ ಆಯಿತು. ಹೊಟ್ಟೆ ಒಳಗೆಳೆದುಕೊಂಡು ತೂರಬೇಕು, ಅದು ಬೇರೆ ಮಾತು. ಅಡಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ, ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಸ್ಕ್ರೂ. ಕೆಳಗಿನ ಬೋಲ್ಟ್ ಬಿಚ್ಚಿದಾಗ ಬಿಸಿ ಎಣ್ಣೆ ಮೊಣಕೈವರೆಗೂ ಹರಿಯಿತು. ಪಲ್ಲವಿ ನಿನ್ನೆ ತಾನೇ ತೊಳೆಸಿದ್ದ ಪೋರ್ಟಿಕೋದ ಮೇಲೆ ತುಮಕೂರು ಜಿಲ್ಲೆಯ ನಕಾಶೆಯಂಥ ಕಲೆ.

"ಆಯಿಲ್ ಮಟ್ಟ ನೋಡೋ ಕಡ್ಡಿ ಎಲ್ಲಿ?" ಎಂದು ಕುರ್ಚಿಯಿಂದ ಪ್ರಶ್ನೆ.

"ಈ ಕಾರಲ್ಲಿ ಕಡ್ಡಿ ಇಲ್ಲ. ಒಳಗಡೆ ಸ್ಕ್ರೀನಲ್ಲಿ ತೋರ್ಸುತ್ತೆ."

"ಎಣ್ಣೆ ನೋಡಾಕೂ ಟಿವಿ ಹಾಕ್ಬೇಕಾ?" ಅಂದರು. ಪಲ್ಲವಿ ಬಾಗಿಲಲ್ಲಿ ನಿಂತು ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ. ಬೋಲ್ಟಿನ ವಾಷರ್ ಹೊಸದು ಹಾಕಿದಿರಾ ಅಂತಲೂ ಕೇಳಿದರು. ಹಳೆಯದೇ ಚೆನ್ನಾಗಿದೆ ಅಂದೆ.

೨೩ ಜೂನ್, ಸೋಮವಾರ

ಬೆಳಿಗ್ಗೆ ಕಾರಿನ ಕೆಳಗೆ ಎಣ್ಣೆ. ರೂಪಾಯಿ ಅಗಲದ ಮೂರು ಹನಿ. ವಾಷರ್.

೬ ಜುಲೈ, ಭಾನುವಾರ

ಹೊಸ ವಾಷರ್ ತರಿಸಿದ್ದೆ. ಸ್ಟ್ಯಾಂಡಿನ ಮೇಲೆ ಕಾರು, ಅದರ ಕೆಳಗೆ ನಾನು. ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವ ಅಂದಾಜು ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಪಲ್ಲವಿಯ ಅಪ್ಪ. ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈ ಚಾಚಿದರು. ಸ್ಪ್ಯಾನರ್ ಕೊಟ್ಟೆ.

ಆ ಕೈಯನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಬೆರಳುಗಳು ದಪ್ಪ, ಹೆಬ್ಬೆರಳಿನ ಉಗುರು ಸೀಳಿ ಎರಡಾಗಿ ಬೆಳೆದಿದೆ. ಸ್ಪ್ಯಾನರನ್ನು ಅಂಗೈಯಲ್ಲಿ ಒಂದು ಸಲ ತೂಗಿ ನೋಡಿದರು. ಆಮೇಲೆ ಅದನ್ನು ನೆಲಕ್ಕಿಟ್ಟು ಎದ್ದು ಒಳಗೆ ಹೋಗಿಬಿಟ್ಟರು. ಬಚ್ಚಲಲ್ಲಿ ಕೈ ತೊಳೆಯುವ ಸದ್ದು ತುಂಬ ಹೊತ್ತು ಕೇಳಿಸಿತು.

"ಅಪ್ಪ ಆ ಆಕ್ಸಿಡೆಂಟ್ ಆದಾಗಿಂದ ಸ್ಪ್ಯಾನರ್ ಮುಟ್ಟಿಲ್ಲ ರೀ" ಎಂದಳು ಪಲ್ಲವಿ. "ಗೊತ್ತಿಲ್ವಾ ನಿಮ್ಗೆ?"

ಗೊತ್ತು. ಈಗ ಬರೆದೇಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ, ಅವರು ನೋಡಿ ಕಳಿಸಿದ ಬಸ್ಸೊಂದರ ಮುಂದಿನ ಚಕ್ರ ಕುಣಿಗಲ್ ರಸ್ತೆಯಲ್ಲಿ ಕಳಚಿಕೊಂಡಿತು. ಬಸ್ಸು ಹಳ್ಳಕ್ಕೆ ಇಳಿಯಿತು. ಯಾರೂ ಸಾಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುಬ್ಬಿಯ ಕಂಡಕ್ಟರ್ ಸಿದ್ದಗಂಗಯ್ಯನ ಕಾಲು ಮಾತ್ರ ಮೂರು ಕಡೆ ಮುರಿಯಿತು. ಚಕ್ರ ಕೂರುವ ಭಾಗವೇ ಹಳೆಯದಾಗಿ ಬಿರುಕು ಬಿಟ್ಟಿತ್ತು ಎಂದು ಬರೆದು ಕೇಸು ಮುಚ್ಚಿದರು. ಇವರ ತಪ್ಪು ಅಂತ ಯಾರೂ ಅನ್ನಲಿಲ್ಲ. ನಾನೊಬ್ಬ ಅಂದೆ. ಅದಾಗಿ ಹದಿನೈದು ದಿನಕ್ಕೆ ಇಂಪನಾಳ ಹುಟ್ಟುಹಬ್ಬ. ಹತ್ತು ಜನ ನೆಂಟರ ಎದುರಿಗೆ, "ಈ ಶೆಡ್ ರಿಪೇರಿಯೋರ ಕೈಗೆ ಬಸ್ ಕೊಟ್ರೆ ಇನ್ನೇನಾಗುತ್ತೆ" ಅಂದೆ. ತಿರುಗಿ ನೋಡಿದರೆ ಅವರು ಪಾಯಸದ ಲೋಟ ಹಿಡಿದು ಹಿಂದೆಯೇ ನಿಂತಿದ್ದರು.

ವಾಷರ್ ಸರಿಯಾಗಿ ಕೂತಿದೆ. ಎಣ್ಣೆ ನಿಂತಿತು.

೧೨ ಜುಲೈ, ಶನಿವಾರ

ಪಲ್ಲವಿಯ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡನೇ ಕಣ್ಣು ಆಗಸ್ಟಿನಲ್ಲಿ. ವಾಪಸು ಬರುವಾಗ ಶೆಟ್ಟಿಹಳ್ಳಿಯ ಹತ್ತಿರ ಸ್ಪೀಡ್ ಬ್ರೇಕರಿಗೆ ನಿಧಾನ ಮಾಡಿದೆ.

"ಬಲಗಡೆ ಮುಂದಿನ ಚಕ್ರ ಕೆರೀತಾ ಅದೆ. ಬ್ರೇಕ್ ಪ್ಯಾಡ್ ಮುಗ್ದಿದೆ."

"ಸ್ಕ್ರೀನಲ್ಲಿ ಏನೂ ಬಂದಿಲ್ವಲ್ಲ."

"ನಂಗೆ ಕಣ್ಣು ಮಂಜು, ಕಿವಿ ಅಲ್ಲ" ಎಂದು ಕಿಟಕಿ ಕಡೆ ತಿರುಗಿದರು.

ಮನೆಗೆ ಬಂದು ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಮುಂದಿನ ಬ್ರೇಕುಗಳಲ್ಲಿ ಸವೆತ ತಿಳಿಸುವ ಸೆನ್ಸರ್ ಇರುವುದು ಎಡಗಡೆಗೆ ಮಾತ್ರ. ಬಲಗಡೆ ಸವೆದರೆ ಸ್ಕ್ರೀನಿಗೆ ತಿಳಿಯುವುದೇ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಪ್ಯಾಡ್ ಉಗುರಿನಷ್ಟು ತೆಳ್ಳಗಾಗಿತ್ತು.

೧೯ ಜುಲೈ, ಶನಿವಾರ

ಆಯಿತು! ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್, ನನ್ನ ಕೈಯಿಂದಲೇ.

ಪಲ್ಲವಿಯ ಅಪ್ಪ ಬೆಳಿಗ್ಗೆಯೇ ತಡೆದಿದ್ದರು. "ಎಣ್ಣೆ, ಫಿಲ್ಟ್ರು ಸರಿ ಅಳಿಯಂದ್ರೇ. ಬ್ರೇಕ್ ಬ್ಯಾಡ. ಬಲ್ಲೋರ ಹತ್ರ ಕೊಡಿ."

"ಬಲ್ಲೋರು ಏನ್ ಮಾಡಿದ್ರು ಅಂತ ನೋಡಿದೀನಲ್ಲ" ಅಂದೆ. ದನಿ ಜೋರಾಯಿತು ಅಂತ ಪಲ್ಲವಿ ಆಮೇಲೆ ಹೇಳಿದಳು. ಅವರು ಎದ್ದು ರೂಮಿಗೆ ಹೋದರು.

ಒಂಬತ್ತಕ್ಕೆ ಶುರು ಮಾಡಿದವನು ಮೂರು ಗಂಟೆಗೆ ಮುಗಿಸಿದೆ. ನಡುವೆ ಅಂಗಡಿಯಿಂದ ನಾಲ್ಕೈದು ಫೋನು. ಶೆಟ್ಟಿಹಳ್ಳಿವರೆಗೆ ಓಡಿಸಿ ಬಂದೆ, ಬ್ರೇಕು ಬೆಣ್ಣೆ. ನಾಳೆ ಕುಣಿಗಲ್‌ನಲ್ಲಿ ಪಲ್ಲವಿಯ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ನನಗೆ ಸೈಟಿನಲ್ಲಿ ಟೈಲ್ಸ್ ಇಳಿಸುವುದಿದೆ. ಪಲ್ಲವಿಯೇ ಕಾರು ಓಡಿಸಿಕೊಂಡು ಹೋಗುತ್ತಾಳೆ, ಅಪ್ಪ ಮತ್ತು ಇಂಪನಾ ಜೊತೆಗೆ. ಹೋಗಿ ಎಲ್ಲರಿಗೂ ಹೇಳಲಿ, ಬ್ರೇಕ್ ಹಾಕಿದ್ದು ಯಾರು ಅಂತ.

೨೦ ಜುಲೈ, ಭಾನುವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಏಳೂವರೆಗೆ ಪಲ್ಲವಿ ಕಾರನ್ನು ರಿವರ್ಸ್ ತೆಗೆದಳು. ಇಂಪನಾ ಹಿಂದಿನ ಸೀಟಿನಲ್ಲಿದ್ದಳು. ಪಲ್ಲವಿಯ ಅಪ್ಪ ಹತ್ತಿಕೊಳ್ಳಲು ಗೇಟಿನ ಪಕ್ಕ ನಿಂತಿದ್ದರು. ರಸ್ತೆಗೆ ಬಂದು ಪಲ್ಲವಿ ಬ್ರೇಕ್ ತುಳಿದಳು.

"ನಿಲ್ಸು! ಇಂಜಿನ್ ಆಫ್ ಮಾಡು!"

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಪಲ್ಲವಿಯ ಅಪ್ಪ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಎದುರು ಮನೆಯವರು ಹೊರಗೆ ಬಂದರು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಅವರು ಇಂಪನಾಳನ್ನು ಇಳಿಸಿ, ಕಾರನ್ನು ಎರಡು ಅಡಿ ಮುಂದಕ್ಕೆ ಬಿಡಿಸಿ ಮತ್ತೆ ಬ್ರೇಕ್ ಹಾಕಿಸಿದರು. ಈಗ ನನಗೂ ಕೇಳಿಸಿತು. ಸಣ್ಣಗೆ, ಟಕ್ ಎಂದು.

"ಬಲಗಡೆ ಮುಂದಿನ ಚಕ್ರ ಬಿಚ್ಚಿ" ಅಂದರು.

ಬಿಚ್ಚಿದೆ. ಬ್ರೇಕ್ ಪ್ಯಾಡುಗಳನ್ನು ಹಿಡಿದುಕೊಂಡಿರುವ ಕಬ್ಬಿಣದ ದವಡೆಯಂಥದ್ದಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದನ್ನು ಜಾಗದಲ್ಲಿ ಹಿಡಿದಿಡುವುದು ಎರಡು ಬೋಲ್ಟು. ಕೆಳಗಿನದು ಅರ್ಧ ಹೊರಗೆ ಬಂದಿತ್ತು. ಮೇಲಿನದು ಬೆರಳಿಗೇ ತಿರುಗಿತು.

ನಿನ್ನೆ ಎರಡನ್ನೂ ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆ, ಆಮೇಲೆ ಬಿಗಿ ಮಾಡೋಣ ಅಂತ. ಆಗ ಅಂಗಡಿಯಿಂದ ಫೋನು ಬಂತು. ಮಾತಾಡಿ ಬಂದವನು ಚಕ್ರ ಹಾಕಿಬಿಟ್ಟೆ. ಯಾರ ಫೋನು, ಏನು ವಿಷಯ, ಒಂದೂ ನೆನಪಿಲ್ಲ.

ಕುಣಿಗಲ್ ರಸ್ತೆಯಲ್ಲಿ, ಎಂಬತ್ತರ ವೇಗದಲ್ಲಿ ಅದು ಕಳಚಿ ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ. ಇಂಪನಾ ರೇಷ್ಮೆ ಲಂಗ ಹಾಕಿಕೊಂಡು ಹಿಂದಿನ ಸೀಟಿನಲ್ಲಿದ್ದಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಾನು ರಸ್ತೆಯ ಮೇಲೆಯೇ ಕೂತುಬಿಟ್ಟೆ. "ಬೈಯಿರಿ ಮಾವ" ಅಂದೆ. "ಎರಡು ಬಾರಿಸಿ ಬೇಕಾದ್ರೆ."

"ಬೈದ್ರೆ ಬೋಲ್ಟ್ ಟೈಟ್ ಆಯ್ತದಾ? ಏಳು. ಸ್ಪ್ಯಾನರ್ ತಗಂಡ್ ಬಾ."

ಮಾವ ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಮೊಣಕಾಲೂರಿದರು. ಕಪ್ಪು ಕನ್ನಡಕ ತೆಗೆಯಲಿಲ್ಲ. ಬೋಲ್ಟಿನ ಎಳೆಗಳನ್ನು ಬೆರಳ ತುದಿಯಲ್ಲೇ ಸವರಿ ನೋಡಿ, ಹಾಳಾಗಿಲ್ಲ ಎಂದರು. ಅವರೇ ಕೂರಿಸಿ ಬಿಗಿ ಮಾಡಿದರು. ನಾಲ್ಕು ವರ್ಷ ಮುಟ್ಟದ ಕೈ ಒಂದು ಸಲವೂ ತಡವರಿಸಲಿಲ್ಲ. ಆಮೇಲೆ ಸ್ಪ್ಯಾನರ್ ನನ್ನ ಕಡೆ ನೀಡಿದರು.

"ಈಗ ನೀನು ನೋಡು."

"ನೀವೇ ಮಾಡಿದ್ದನ್ನ ನಾನೇನ್ ನೋಡ್ಲಿ ಮಾವ?"

"ಒಬ್ಬ ಬಿಗಿ ಮಾಡಿದ್ದನ್ನ ಇನ್ನೊಬ್ಬ ನೋಡ್ಬೇಕು. ನಮ್ಮ ಶೆಡ್ನಾಗೆ ಅದೇ ರೂಲ್ಸು. ಎಂಥವ್ನೇ ಮಾಡಿರ್ಲಿ." ಬೋಲ್ಟಿನ ಮೇಲೆ ಬೆರಳಿಟ್ಟು ಹೇಳಿದರು, "ಆವತ್ತು ಆ ಬಸ್ಸಿಗೆ ಇನ್ನೊಬ್ಬ ಇರ್ಲಿಲ್ಲ. ರಜ ಹಾಕಿದ್ದ. ನಾನೇ ಮಾಡ್ದೆ, ನಾನೇ ನೋಡ್ದೆ, ನಾನೇ ಸೈನ್ ಹಾಕ್ದೆ. ಬಿರುಕಿತ್ತು ಅಂತಾರೆ. ಇನ್ನೊಬ್ಬನ ಕಣ್ಣಿಗೆ ಬೀಳ್ತಿತ್ತೋ ಏನೋ."

ನಾಲ್ಕು ವರ್ಷದಿಂದ ಹೇಳಬೇಕಾಗಿದ್ದನ್ನು ಆಗ ಹೇಳಿದೆ. ಹುಟ್ಟುಹಬ್ಬದ ದಿನ ನಾನು ಆಡಿದ ಮಾತು ತಪ್ಪು ಮಾವ, ದೊಡ್ಡ ತಪ್ಪು.

"ಆ ಮಾತು ನೀನು ಆಡೋಕ್ ಮುಂಚೆ ನಾನೇ ನೂರ್ ಸಲ ಅಂದ್ಕಂಡಿದ್ದೆ ಕಣಪ್ಪ" ಅಂದರು. "ಬುಡು. ಬೋಲ್ಟ್ ನೋಡು."

ನೋಡಿದೆ. ಎಡಗಡೆಯದನ್ನೂ ಬಿಚ್ಚಿ ಇಬ್ಬರೂ ನೋಡಿದೆವು. ಅದು ನೆಟ್ಟಗಿತ್ತು. ಉಪ್ಪಾರಹಳ್ಳಿಯನ್ನು ಮೂರು ಸುತ್ತು ಹಾಕಿ ಬಂದೆವು. ಕಾರು ಬೇಡ, ಬಸ್ಸಿಗೆ ಹೋಗಿ ಅಂದೆ ಪಲ್ಲವಿಗೆ. ಮಾವ ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ತಾವೇ ಕೂತು ಬಾಗಿಲು ಹಾಕಿಕೊಂಡರು.

ಅವರು ಹೋದ ಮೇಲೆ ನಾನು ಸೈಟಿಗೆ ಹೋಗಲಿಲ್ಲ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ. ಹತ್ತೂವರೆಗೆ ಫೋನು.

"ತಲುಪಿದ್ವಿ ರೀ. ಒಬ್ಬಟ್ಟು ಮಾಡವ್ರೆ. ಅಪ್ಪ ಆಗ್ಲೇ ಮೂರು ಹೊಡೆದ್ರು."

ಫೋನಿಟ್ಟು ಅಡಿಗೆಮನೆಗೆ ಹೋಗಿ, ನಿಂತಲ್ಲೇ ಒಂದು ಚೊಂಬು ನೀರು ಕುಡಿದೆ.

೨ ಆಗಸ್ಟ್, ಶನಿವಾರ

ಇನ್ನು ಕಾರನ್ನು ಮುಟ್ಟುವುದಿಲ್ಲ, ಎಲ್ಲ ಡೀಲರಿಗೇ ಕೊಡುತ್ತೇನೆ ಅಂದಿದ್ದೆ. ಮಾವ ಒಪ್ಪಲಿಲ್ಲ. "ಬರೋದನ್ನ ಮಾಡು. ಬರ್ದೇ ಇರೋದನ್ನ ಬಲ್ಲೋರಿಗೆ ಕೊಡು. ಎರಡು ಕಡೆನೂ ನಾಚ್ಕೆ ಬಿಟ್ಟು ಕೇಳು."

ಬ್ರೇಕಿನ ಎಣ್ಣೆ ಬದಲಾಯಿಸುವುದಿತ್ತು. ಅದಕ್ಕೆ ಕಂಪ್ಯೂಟರ್ ಬೇಕು. ಇಬ್ಬರೂ ಬೆಂಗಳೂರಿನ ಅದೇ ಸರ್ವೀಸ್ ಸೆಂಟರಿಗೆ ಹೋದೆವು. ಸೋಫಾ ಬೇಡ, ಕೆಲಸ ಮಾಡುವವರನ್ನು ಕರೆಯಿರಿ ಅಂದೆ. ಕೌಂಟರಿನವರು ಅವರಿವರನ್ನು ಕೇಳಿದ ಮೇಲೆ, ಗಾಜಿನ ಬಾಗಿಲು ತೆರೆದು ನಲವತ್ತರ ಆಸುಪಾಸಿನ ಮೆಕ್ಯಾನಿಕ್ ಒಬ್ಬರು ಬಂದರು. ಫಿಲ್ಟರಿನ ಕಥೆ ಹೇಳಿದೆ. ಹಳೆಯ ಪಟ್ಟಿ ತೆಗೆದು ನೋಡಿದರು.

"ಆವತ್ತು ಸ್ಟೋರಲ್ಲಿ ಫಿಲ್ಟರ್ ಇರ್ಲಿಲ್ಲ ಸರ್. ಆದ್ರೂ ಟಿಕ್ ಹಾಕ್ಬಿಟ್ಟವ್ರೆ. ನಮ್ದೇ ತಪ್ಪು. ಬನ್ನಿ, ಒಳಗೇ ನಿಂತ್ಕೊಂಡು ನೋಡಿ."

ಯಾರಾದರೂ ಹೀಗೆ ಹೇಳಲಿ ಅಂತಲೇ ಎರಡು ತಿಂಗಳಿಂದ ಕಾಯುತ್ತಿದ್ದೆ ಅನ್ನಿಸುತ್ತದೆ. ಸಿಟ್ಟೇ ಉಳಿಯಲಿಲ್ಲ.

ಚಕ್ರ ಬಿಚ್ಚಿ ನೋಡಿ ಅವರು ಕೇಳಿದರು, "ಪ್ಯಾಡ್ ಯಾರು ಹಾಕಿದ್ದು? ನೀಟಾಗಿದೆ."

"ಇಬ್ರೂ" ಎಂದೆ. ಮಾವ ಕೆಮ್ಮಿದರು. ಆಮೇಲೆ ಅವರಿಬ್ಬರೂ ಬಸ್ಸಿನ ಏರ್ ಬ್ರೇಕ್ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನನಗೆ ಕಾಲು ಭಾಗವೂ ತಿಳಿಯಲಿಲ್ಲ.

೧೪ ಆಗಸ್ಟ್, ಗುರುವಾರ

ಮಾವನ ಎರಡನೇ ಕಣ್ಣಿನ ಪಟ್ಟಿ ತೆಗೆದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕಾರನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಬೂದಿ ಬಣ್ಣನಾ? ನಾನು ನೀಲಿ ಅನ್ಕಂಡಿದ್ದೆ."

"ಚೆನ್ನಾಗಿಲ್ವಾ ಮಾವ?"

"ಇರ್ಲಿ ಬುಡು. ಓಡ್ತದಲ್ಲ."

೩೦ ಆಗಸ್ಟ್, ಶನಿವಾರ

ಬೆಳಿಗ್ಗೆ ತಿಂಡಿ ತಿನ್ನುವಾಗ ಮಾವ ಕೇಳಿದರು, "ಪ್ರಸಾದು, ಇವತ್ತು ಬಿಡುವಾದ್ರೆ ಗುಬ್ಬಿಗೆ ಹೋಗಿ ಬರಣವಾ? ಸಿದ್ದಗಂಗಯ್ಯನ್ನ ನೋಡ್ಬೇಕು." ಪಲ್ಲವಿ ದೋಸೆ ಮಗುಚುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಆಕ್ಸಿಡೆಂಟ್ ಆದ ಮೇಲೆ ಅವರು ಆ ಕಂಡಕ್ಟರನ್ನು ನೋಡಲು ಒಂದು ಸಲವೂ ಹೋಗಿರಲಿಲ್ಲ.

ಮಧ್ಯಾಹ್ನ ಹೊರಟೆವು. ಸಿದ್ದಗಂಗಯ್ಯನ ಮನೆ ಊರಿನಾಚೆ, ಎಂಟ್ಹತ್ತು ತೆಂಗಿನ ಮರದ ನಡುವೆ. ಮಳೆ ಬಂದು ದಾರಿಯೆಲ್ಲ ಕೆಸರು. ಗೇಟಿನ ಹತ್ತಿರ ಕಾರು ನಿಲ್ಲಿಸಿದರೆ ಮಾವ ಇಳಿಯಲಿಲ್ಲ.

"ಏನಂತ ಹೋಗ್ಲಿ?" ಅಂದರು.

ನಾನು ಇಳಿದು ಹೋಗಿ ಅವರ ಕಡೆಯ ಬಾಗಿಲು ತೆಗೆದೆ. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬರು ಅಂಗಳಕ್ಕೆ ಬಂದರು. ಯಾರೆಂದು ತಿಳಿಯದೆ ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಹತ್ತಿದ ಕೂಡಲೇ ಕುಂಟಿಕೊಂಡೇ ಬೇಗ ಬೇಗ ಗೇಟಿಗೆ ಬಂದುಬಿಟ್ಟರು.

"ಚನ್ನವೀರಣ್ಣ! ಈಗ್ಲಾದ್ರೂ ಬಂದ್ಯಲ್ಲ. ನನ್ ಮೇಲೆ ಕ್ವಾಪ ಹೋಯ್ತಾ?"

ಮಾವ ತಬ್ಬಿಬ್ಬಾದರು. "ನಂಗ್ಯಾಕೋ ಕ್ವಾಪ? ಕಾಲು ಹೋಗಿದ್ದು ನಿಂದು."

"ಪೊಲೀಸ್ನೋರು ಕೇಳ್ದಾಗ, ಶೆಡ್ಡಿಂದ ಬರೋವಾಗ್ಲೇ ಚಕ್ರ ಸದ್ದು ಮಾಡ್ತಿತ್ತು ಅಂತ ಹೇಳ್ಬುಟ್ಟಿದ್ದೆ ಅಣ್ಣ. ಡ್ರೈವರ್ ಹೇಳ್ದ ಅಂತ ನಾನೂ ಹೇಳ್ದೆ. ನಿಜ್ವಾಗಿ ನಂಗೆ ಕೇಳಿಸಿರ್ಲಿಲ್ಲ. ನಿನ್ ಹೆಸ್ರಿಗೆ ಕುತ್ತು ತಂದೆ ಅಂತ, ನೀನು ಅದಕ್ಕೇ ಬರ್ತಿಲ್ಲ ಅಂತ ಅನ್ಕಂಡಿದ್ದೆ. ನಾನೇ ಬರಣ ಅಂದ್ರೆ ಮುಖ ಇರ್ಲಿಲ್ಲ."

ಮಾವ ತಾವು ಒಬ್ಬರೇ ಬಸ್ಸು ನೋಡಿ ಕಳಿಸಿದ್ದನ್ನು ಹೇಳಿದರು. ಹೋದ ತಿಂಗಳು ನನಗೆ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ. ಸಿದ್ದಗಂಗಯ್ಯ ಪೂರ್ತಿ ಕೇಳಿಸಿಕೊಂಡರು. ತಪ್ಪಿಲ್ಲ ಅನ್ನಲಿಲ್ಲ, ಇದೆ ಅಂತಲೂ ಅನ್ನಲಿಲ್ಲ. "ಇರ್ಬೋದು ಅಣ್ಣ" ಅಂದರು. "ಆದ್ರೆ ನಾಲ್ಕು ವರ್ಸ ನೀನ್ ಬರ್ದೇ ಇದ್ದಿದ್ದು ಅದಕ್ಕಿಂತ ನೋಯ್ತು. ಬಾ ಒಳಕ್ಕೆ. ಕಾಫಿ ಮಾಡುಸ್ತೀನಿ."

ನಾನು ಹೊರಗೆ ಜಗುಲಿಯ ಮೇಲೆ ಕೂತೆ. ಒಳಗಿನಿಂದ ಮೊದಲು ಲೋಟಗಳ ಸದ್ದು. ಆಮೇಲೆ ಮಾತು, ಹಳೆಯ ಡ್ರೈವರುಗಳ ಹೆಸರು. ಆಮೇಲೆ ಮಾವ ನಕ್ಕಿದ್ದು. ಎರಡು ಗಂಟೆ ಹೊತ್ತು ಹೇಗೆ ಹೋಯಿತೋ.

ಹೊರಡುವಾಗ ಸಿದ್ದಗಂಗಯ್ಯನ ಹೆಂಡತಿ ಇಪ್ಪತ್ತು ತೆಂಗಿನಕಾಯಿ ಡಿಕ್ಕಿಗೆ ತುಂಬಿಸಿದರು. ಹುರಿಗಡಲೆ ಪೊಟ್ಟಣ ಕೊಟ್ಟರು. ಮಾವನೂ ನಾನೂ ತಿನ್ನುತ್ತಾ ಬಂದೆವು.

ಹೆಗ್ಗೆರೆ ದಾಟಿದ ಮೇಲೆ ಏನೋ ಕೇಳಲು ತಿರುಗಿದೆ. ನೋಡಿದರೆ ಮಾವ ನಿದ್ದೆ ಹೋಗಿದ್ದರು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ. ಊರೊಳಗೆ ಬಂದು, ಸ್ಪೀಡ್ ಬ್ರೇಕರುಗಳ ಮೇಲೆಲ್ಲ ಕಾರನ್ನು ಇರುವೆಯಂತೆ ಹತ್ತಿಸಿ ಇಳಿಸಿ ಮನೆಯ ಮುಂದೆ ನಿಲ್ಲಿಸಿದೆ. ಎಬ್ಬಿಸಲು ಮನಸ್ಸಾಗಲಿಲ್ಲ.

ಪಲ್ಲವಿ ಗೇಟಿಗೆ ಬಂದಳು. ನಾನು ಸದ್ದಾಗದ ಹಾಗೆ ಇಳಿದು ಬಾಯಿಗೆ ಬೆರಳಿಟ್ಟೆ. ಅವಳು ಬಗ್ಗಿ ಕಿಟಕಿಯೊಳಗೆ ನೋಡಿದಳು.

"ಅಪ್ಪ ಯಾವತ್ತೂ ಗಾಡೀಲಿ ನಿದ್ದೆ ಮಾಡ್ದೋರಲ್ಲ ರೀ" ಎಂದು ಪಿಸುಗುಟ್ಟಿದಳು. "ಚಕ್ರದ ಸದ್ದು ಕೇಳ್ತಾ ಕೂತಿರೋರು."

ಇಬ್ಬರೂ ಕಾಂಪೌಂಡಿಗೆ ಒರಗಿ ನಿಂತೆವು. ಬೀದಿಯ ದೀಪ ಹತ್ತುವವರೆಗೂ ಮಾವ ಏಳಲಿಲ್ಲ.